ಇನ್ನು ಮುಂದೆ ಗಿಡ ಮೊದಲು, ಗೊಂಬೆಮನೆ ಆಮೇಲೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳಿಂದ ನಮ್ಮಲ್ಲಿ ಫೇರಿ ಗಾರ್ಡನ್, ಅಂದರೆ ಬಟ್ಟಲಲ್ಲಿ ಸಣ್ಣ ಗಿಡ, ಗೊಂಬೆಮನೆ ಜೋಡಿಸಿದ ಪುಟ್ಟ ತೋಟ, ಮಾಡಿಸುವ ಕ್ರಮ ಬದಲಾಗುತ್ತಿದೆ. ಇಷ್ಟು ದಿನ ನೀವು ಚಿತ್ರ ನೋಡಿ ಥೀಮ್ ಆರಿಸುತ್ತಿದ್ದಿರಿ. ನಾವು ಅದಕ್ಕೆ ಒಪ್ಪುವ ಮನೆ, ಸೇತುವೆ, ಗೊಂಬೆ ಜೋಡಿಸಿ, ಉಳಿದ ಜಾಗದಲ್ಲಿ ಗಿಡ ನೆಡುತ್ತಿದ್ದೆವು. ಇನ್ನು ಮೇಲೆ ಮೊದಲು ಕೇಳುವುದು ಎರಡೇ ಪ್ರಶ್ನೆ. ತೋಟ ಇಡುವ ಜಾಗಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ? ನೀರು ಹಾಕುವವರು ಯಾರು, ವಾರಕ್ಕೆ ಎಷ್ಟು ಸಲ? ನಿಮ್ಮ ಉತ್ತರ ನೋಡಿ ಗಿಡ, ಗಿಡ ನೋಡಿ ಥೀಮ್.

ಕೆಲವು ದಿನಗಳ ಹಿಂದೆ ಒಬ್ಬರು ನಾವೇ ಮಾಡಿಕೊಟ್ಟ ತೋಟವನ್ನು ವಾಪಸ್ ತಂದರು. ಬಾವಿ, ಬೆಂಚು, ಕೆಂಪು ಚಾವಣಿಯ ಮನೆ ಎಲ್ಲವೂ ಹೊಸದರಂತೆಯೇ ಇದ್ದವು. ದಪ್ಪ ಎಲೆಯ ಎಚಿವೇರಿಯಾ ಗಿಡ ಮಾತ್ರ ಬುಡದಲ್ಲಿ ಕೊಳೆತು, ಮುಟ್ಟಿದರೆ ಎಲೆ ಕಳಚಿಬೀಳುತ್ತಿತ್ತು. ಪಕ್ಕದ ಫಿಟ್ಟೋನಿಯಾ ಗಿಡ ಹಸಿರಾಗಿತ್ತು. “ನನಗೆ ಗಿಡ ಸಾಕುವುದಕ್ಕೇ ಬರುವುದಿಲ್ಲ” ಎಂದು ಅವರು ನೊಂದುಕೊಂಡರು. ತಪ್ಪು ನಮ್ಮದಾಗಿತ್ತು. ಫಿಟ್ಟೋನಿಯಾ ಮಣ್ಣು ಒಣಗಿದೊಡನೆ ಸೊರಗಿ ಮಲಗುವ ಗಿಡ. ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಎಚಿವೇರಿಯಾಕ್ಕೆ ಮಣ್ಣು ಚೆನ್ನಾಗಿ ಒಣಗಿದ ಮೇಲೆಯೇ ಮತ್ತೆ ನೀರು ಬೇಕು. ಇವೆರಡನ್ನೂ ಒಂದೇ ಬಟ್ಟಲಲ್ಲಿ ನೆಟ್ಟರೆ, ಎಷ್ಟು ಅಕ್ಕರೆಯಿಂದ ನೋಡಿಕೊಂಡರೂ ಒಂದು ಉಳಿಯುವುದಿಲ್ಲ. ಚಿತ್ರದಲ್ಲಿ ಚೆಂದ ಕಾಣುತ್ತದೆಂದು ನಾವು ಹಾಗೆ ಮಾಡಿದ್ದೆವು. ಅಂಥ ತೋಟ ಕೊಂಡ ಎಲ್ಲರ ಕ್ಷಮೆ ಕೇಳುತ್ತೇವೆ.

ಆದ್ದರಿಂದ ಥೀಮುಗಳನ್ನು ಈಗ ನೀರಿನ ಲೆಕ್ಕದಲ್ಲಿ ಬೇರೆ ಮಾಡಿದ್ದೇವೆ. ಕಾಡಿನ ಮನೆ, ಹೊಳೆದಂಡೆ, ಪಾಚಿಗಟ್ಟಿದ ಹಳೇ ಗೋಡೆ ಬೇಕೆಂದರೆ ಫಿಟ್ಟೋನಿಯಾ, ಪಾಚಿಯಂತೆ ಕಾಣುವ ಸೆಲಾಜಿನೆಲ್ಲಾ, ಸಣ್ಣ ಜರಿಗಿಡ, ಗೋಡೆಗೆ ಅಂಟಿ ಹತ್ತುವ ಫೈಕಸ್ ಪ್ಯುಮಿಲಾ. ಮರುಭೂಮಿ, ಕಡಲದಂಡೆ, ಬಂಡೆಗುಡ್ಡಕ್ಕೆ ಸೀಡಮ್, ಎಚಿವೇರಿಯಾ, ಪೋರ್ಚುಲಕೇರಿಯಾ. ನೇರ ಬಿಸಿಲಿಲ್ಲದ, ಆದರೆ ಬೆಳಕು ಚೆನ್ನಾಗಿರುವ ಕಿಟಕಿಯಾದರೆ ಹವಾರ್ಥಿಯಾ. ಈ ಗುಂಪುಗಳನ್ನು ಬೆರೆಸಿ ಕೊಡಿ ಎಂದರೆ ನಾವು ಒಪ್ಪುವುದಿಲ್ಲ. ಅಣಬೆಮನೆ, ದೀಪದ ಕಂಬ, ರೆಕ್ಕೆಯ ಗೊಂಬೆಗಳಿಗೆ ನೀರಿನ ಹಂಗಿಲ್ಲವಲ್ಲ, ಅವನ್ನು ಮರುಭೂಮಿಯಲ್ಲೂ ಇಡಬಹುದು.

ಬಟ್ಟಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ತೂತಿಲ್ಲದ ಪಿಂಗಾಣಿ ಬಟ್ಟಲಿನ ತಳಕ್ಕೆ ಜಲ್ಲಿಕಲ್ಲು ಹಾಕಿ ಮೇಲೆ ಮಣ್ಣು ತುಂಬಿದರೆ ನೀರು ಕಲ್ಲಿಗೆ ಇಳಿದು ಬೇರು ಉಳಿಯುತ್ತದೆ ಎಂದು ನಾವೂ ನಂಬಿದ್ದೆವು, ನಿಮಗೂ ಹಾಗೇ ಹೇಳಿದ್ದೆವು. ಅದು ಸರಿಯಲ್ಲ. ಮಣ್ಣಿನ ಸಣ್ಣ ಸಂದುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಲ್ಲಿನ ನಡುವಿನ ದೊಡ್ಡ ಸಂದಿಗೆ ಅದು ಇಳಿಯುವುದು ಮೇಲಿನ ಮಣ್ಣಿನ ಅಡಿಭಾಗ ಪೂರ್ತಿ ನೆನೆದು ತುಂಬಿದ ಮೇಲೆಯೇ. ಒದ್ದೆ ಸ್ಪಂಜನ್ನು ಜಲ್ಲಿಯ ಮೇಲಿಟ್ಟು ನೋಡಿ, ಅಡಿಭಾಗ ಒದ್ದೆಯಾಗಿಯೇ ಉಳಿಯುತ್ತದೆ. ಅಂದರೆ ಕಲ್ಲಿನ ಪದರ ಆ ಒದ್ದೆಯನ್ನು ಮೇಲಕ್ಕೆತ್ತಿ ಬೇರಿನ ಹತ್ತಿರಕ್ಕೇ ತರುತ್ತದೆ. ಆದ್ದರಿಂದ ಇನ್ನು ನಮ್ಮ ತೆರೆದ ಬಟ್ಟಲುಗಳಿಗೆಲ್ಲ ತಳದಲ್ಲಿ ತೂತಿರುತ್ತದೆ, ಜಲ್ಲಿ ಪದರ ಇರುವುದಿಲ್ಲ. ತೂತಿನ ಮೇಲೆ ಒಂದು ಜಾಲರಿ ತುಂಡು ಸಾಕು.

ಮುಚ್ಚಿದ ಗಾಜಿನ ಜಾಡಿಗಳು ಜರಿಗಿಡ, ಪಾಚಿಗಳಿಗೆ ಮಾತ್ರ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶ ಇಟ್ಟಿದ್ದ ಮುಚ್ಚಿದ ಬಾಟಲಿಯೊಳಗೆ ತಾನಾಗಿ ಮೊಳೆತದ್ದೂ ಒಂದು ಜರಿಗಿಡವೇ. ಒಳಗಿನ ತೇವ ಆವಿಯಾಗಿ ಗಾಜಿಗೆ ಅಂಟಿ, ಹನಿಯಾಗಿ ಮತ್ತೆ ಮಣ್ಣಿಗೆ ಇಳಿಯುತ್ತದೆ. ಜರಿಗಿಡಕ್ಕೆ ಇದು ಹಿತ, ಎಚಿವೇರಿಯಾ ಆದರೆ ಕೊಳೆತುಹೋಗುತ್ತದೆ. ಇಂಥ ಜಾಡಿಯನ್ನು ನೇರ ಬಿಸಿಲಿಗೆ ಮಾತ್ರ ಇಡಬೇಡಿ, ಒಳಗಿನ ಗಿಡ ಬೆಂದುಹೋಗುತ್ತದೆ.

ಅಳತೆಯಲ್ಲೂ ಬದಲಾವಣೆಯಿದೆ. ಗೊಂಬೆಮನೆಗಳ ರೂಢಿಯ ಅಳತೆ 1:12, ಅಂದರೆ ನಿಜದ ಒಂದು ಅಡಿಗೆ ಗೊಂಬೆಮನೆಯಲ್ಲಿ ಒಂದು ಅಂಗುಲ. ಹತ್ತಂಗುಲದ ಬಟ್ಟಲಲ್ಲಿ ಆ ಅಳತೆಯ ಮನೆ ಕೂರಿಸಿದರೆ ಅಂಗಳಕ್ಕೆ ಜಾಗವೇ ಉಳಿಯದು. ಹಾಗಾಗಿ ಸಣ್ಣ ಬಟ್ಟಲುಗಳಿಗೆಲ್ಲ ಅದರ ಅರ್ಧದಷ್ಟಾದ 1:24, ದೊಡ್ಡ ತೊಟ್ಟಿಗಳಿಗೆ 1:12. ಒಂದು ತೋಟದಲ್ಲಿ ಒಂದೇ ಅಳತೆ. ಎಲೆಗೂ ಇದೇ ಲೆಕ್ಕ. 1:12ರಲ್ಲಿ ಎರಡಂಗುಲದ ಜೇಡ್ ಗಿಡದ ಎಲೆ ಎರಡಡಿ ಉದ್ದದ್ದಾಗಿ ಕಾಣುತ್ತದೆ. ಅದೇ ಜಾಗದಲ್ಲಿ ಸಣ್ಣ ಎಲೆಯ ಪೋರ್ಚುಲಕೇರಿಯಾ ನೆಟ್ಟು ಕತ್ತರಿಸುತ್ತಾ ಬಂದರೆ ನಿಜವಾದ ಮರದಂತೆ ಕವಲೊಡೆಯುತ್ತದೆ.

ಈ ಹೊಸ ಕ್ರಮದಿಂದ ನಿಮಗೆ ಒಂದು ತೊಂದರೆ ಇದೆ. ನೆಟ್ಟ ಗಿಡ ಬೇರು ಹಿಡಿಯುವವರೆಗೆ ಮೂರು ವಾರ ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ. ಹುಟ್ಟುಹಬ್ಬದ ಉಡುಗೊರೆಗೆ ಬೇಕಿದ್ದರೆ ದಯವಿಟ್ಟು ಒಂದು ತಿಂಗಳು ಮುಂಚೆ ತಿಳಿಸಿ.

ಈಗಾಗಲೇ ಹೇಳಿಟ್ಟವರಿಗೆ ನಾವೇ ಫೋನ್ ಮಾಡುತ್ತೇವೆ. ಹೊಸ ಕ್ರಮ ಬೇಡವೆನಿಸಿದರೆ ಮುಂಗಡ ಪೂರ್ತಿ ವಾಪಸ್. ನಿಮ್ಮ ಮನೆಯಲ್ಲಿ ನಮ್ಮ ಬೆರಕೆ ತೋಟ ಇದ್ದರೆ, ಗಿಡ ಬದುಕಿದ್ದರೂ ಸತ್ತಿದ್ದರೂ ತಂದುಕೊಡಿ. ಎರಡು ಜಾತಿಯನ್ನು ಬೇರೆ ಮಾಡಿ, ತೂತಿರುವ ಬಟ್ಟಲಿನಲ್ಲಿ ನೆಟ್ಟು, ನಿಮ್ಮ ಮನೆ, ಬಾವಿ, ಬೆಂಚುಗಳನ್ನು ಇದ್ದಂತೆಯೇ ಜೋಡಿಸಿಕೊಡುತ್ತೇವೆ. ಇದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಬರುವ ಮುಂಚಿನ ವಾರ ನೀರು ಹಾಕಬೇಡಿ, ಒಣ ಮಣ್ಣಿನಿಂದ ಎಚಿವೇರಿಯಾ ಬಿಡಿಸುವುದು ಸುಲಭ. ಫಿಟ್ಟೋನಿಯಾ ಬಾಡಿದರೆ ಹೆದರಬೇಡಿ, ನೀರು ಕೊಟ್ಟರೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲೇ ಮತ್ತೆ ಎದ್ದು ನಿಲ್ಲುತ್ತದೆ.

ಇಂತಿ,
ತೋಟ ಕಟ್ಟುವ ನಿಮ್ಮ ಬಳಗ