ಸ್ಟೇಷನ್ನಿಂದ ಬಸ್ ಸ್ಟ್ಯಾಂಡಿಗೆ ನಡೆಯುವವರ ಕಷ್ಟವನ್ನೂ ನೋಡಿ

ಮಾನ್ಯ ಸಂಪಾದಕರೇ,

ಸಂಜೆ ಬೆಂಗಳೂರಿನ ರೈಲು ಬಂದಾಗ ತುಮಕೂರು ಸ್ಟೇಷನ್ ಹೊರಗೆ ಜನಜಾತ್ರೆ. ಕೊರಟಗೆರೆ, ಮಧುಗಿರಿ, ಶಿರಾ ಕಡೆಯವರು ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಹೋಗಬೇಕು. ನಡೆದೇ ಹೋಗುವಷ್ಟು ದೂರ. ಆದರೂ ಎಷ್ಟೋ ಜನ ಆಟೊ ಹತ್ತುತ್ತಾರೆ, ಯಾಕೆಂದರೆ ಕೈಯಲ್ಲಿ ಮಗು, ಬ್ಯಾಗು ಹಿಡಿದುಕೊಂಡು ಆ ದಾರಿಯಲ್ಲಿ ನಡೆಯುವುದು ಸುಲಭವಿಲ್ಲ.

ನಮ್ಮೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆಮೇಲೆ ಕೆಲವು ರಸ್ತೆಗಳಿಗೆ ಒಳ್ಳೆಯ ಫುಟ್‌ಪಾತ್ ಬಂತು, ಸಂತೋಷ. ಆದರೆ ಬಿ.ಎಚ್. ರಸ್ತೆಯ ಆಸುಪಾಸಿನಲ್ಲಿ ನಡೆದು ನೋಡಿ, ಒಂದು ಅಂಗಡಿ ಮುಂದೆ ಮೆಟ್ಟಿಲು, ಇನ್ನೊಂದರ ಮುಂದೆ ಬೈಕ್ ಹತ್ತಿಸುವ ಇಳಿಜಾರು, ಅದನ್ನು ದಾಟಿದರೆ ಕಂಬ, ಕಂಬದ ಪಕ್ಕ ನಿಲ್ಲಿಸಿದ ಸ್ಕೂಟರ್. ಮಂಡಿನೋವಿನ ಅಜ್ಜಿ ಎಷ್ಟು ಸಲ ಹತ್ತಿ ಇಳಿಯಬೇಕು? ಸಾಕಾಗಿ ರಸ್ತೆಗೇ ಇಳಿಯುತ್ತಾರೆ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತದೆ.

ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಫುಟ್‌ಪಾತ್‌ಗೆ ಅಳತೆ ಕೊಟ್ಟಿದೆ. ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಎತ್ತರ 150 ಮಿಲಿಮೀಟರ್ ದಾಟಬಾರದು, ಅಂದರೆ ಸುಮಾರು ಅರ್ಧ ಅಡಿ. ಅಷ್ಟು ಅಗಲ ಇದ್ದರೆ ಎದುರುಬದುರಾದ ಎರಡು ಗಾಲಿಕುರ್ಚಿಗಳು ಆರಾಮಾಗಿ ಹೋಗುತ್ತವೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯ, ಅಂದರೆ ಬದುಕುವ ಹಕ್ಕಿನ, ಭಾಗ ಅಂತ ಹೇಳಿದೆ. ಇನ್ನೇನು ಬೇಕು?

ಫುಟ್‌ಪಾತ್ ತೆರವು ಅಂದ ಕೂಡಲೇ ಹೂವು, ಹಣ್ಣು ಮಾರುವವರನ್ನು ಎಬ್ಬಿಸುವುದು ಬೇಡ. ಅವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ, ಜಾಗ ಗುರುತು ಮಾಡಿಕೊಡಬೇಕು. ರಾತ್ರಿ ಒಂಬತ್ತರ ಮೇಲೆ ಒಬ್ಬಳೇ ನಡೆಯುವ ಹುಡುಗಿಗೆ ಆ ತಳ್ಳುಗಾಡಿಗಳ ಬೆಳಕೇ ಧೈರ್ಯ. ಮೊದಲು ಎತ್ತಬೇಕಾದದ್ದು ವಾಹನಗಳನ್ನು.

ಬಸ್‌ಗೆ ಕಾಯುವವರ ಪಾಡೂ ಇದೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಹೆಂಗಸರ ಓಡಾಟ ಜಾಸ್ತಿಯಾಯಿತು, ತುಂಬಾ ಒಳ್ಳೆಯದಾಯಿತು. ಆದರೆ ಬಸ್ ಬರುವ ತನಕ ಏಪ್ರಿಲ್ ಬಿಸಿಲಲ್ಲಿ ಸುಮ್ನೆ ನಿಲ್ಲಬೇಕು ಅಂದ್ರೆ ಹೇಗೆ? ನೆರಳು, ಬೆಂಚು, ಒಂದು ದೀಪ ಕೇಳುವುದು ದೊಡ್ಡ ಬೇಡಿಕೆ ಅಲ್ಲ, ಅಲ್ವಾ? ತಗಡಿನ ಚಾವಣಿ ಕಾದು ಕೆಳಗೆ ನಿಲ್ಲಲಾಗುವುದಿಲ್ಲ, ಪಕ್ಕದಲ್ಲಿ ಎರಡು ಹೊಂಗೆ ಸಸಿಯನ್ನೂ ನೆಡಿ.

ಇಡೀ ಊರನ್ನು ಒಮ್ಮೆಲೇ ಸರಿಮಾಡಿ ಅಂತ ಕೇಳುತ್ತಿಲ್ಲ. ಈ ಒಂದು ದಾರಿಯಿಂದ ಶುರುಮಾಡಿ. ಅಂಗಡಿ, ಗೇಟುಗಳ ಮುಂದೆ ಫುಟ್‌ಪಾತ್ ಇಳಿಯದೆ ಒಂದೇ ಮಟ್ಟದಲ್ಲಿ ಸಾಗಲಿ, ವಾಹನವೇ ಹತ್ತಿ ಇಳಿಯಲಿ. ರಸ್ತೆ ದಾಟುವ ಕಡೆ ಹಿರಿಯರ ನಡಿಗೆಗೆ ಸಾಲುವಷ್ಟು ಸಿಗ್ನಲ್ ಸಮಯ ಕೊಡಿ. ನಕ್ಷೆ ಬರೆಯುವ ಮೊದಲು ಎಂಜಿನಿಯರುಗಳು ಗಾಲಿಕುರ್ಚಿ ಬಳಸುವವರೊಬ್ಬರನ್ನು, ಕಣ್ಣು ಕಾಣದವರೊಬ್ಬರನ್ನು ಜೊತೆಗೆ ಕರೆದುಕೊಂಡು ಸಂಜೆ ರೈಲಿನ ಹೊತ್ತಿಗೆ ಅಲ್ಲಿ ನಡೆಯಲಿ, ಅವರು ತೋರಿಸಿದ ಕಡೆಯೆಲ್ಲ ಗುರುತು ಹಾಕಿಕೊಳ್ಳಲಿ.

– ನಿತ್ಯ ಪ್ರಯಾಣಿಕ, ತುಮಕೂರು