ಈ ಭಾನುವಾರ ಸೇರುವುದು ಬೇಡ, ಮನೆಯಲ್ಲೇ ಇರಿ

ಕೋಲಾರದ ಕೈತೋಟ ಬಳಗದವರಿಗೆಲ್ಲ ನಮಸ್ಕಾರ. ಈ ಭಾನುವಾರ ಯಾರ ಮನೆಯಲ್ಲೂ ಸೇರುವುದು ಬೇಡ. ಬಿಸಿಲು ಹಾಗಿದೆ. ನಾನಂತೂ ಒಂದು ವಾರದಿಂದ ಗೇಟು ದಾಟಿಲ್ಲ. ಬೆಳಿಗ್ಗೆ, ಸಂಜೆ ಗಿಡ. ಮಧ್ಯಾಹ್ನ ಟಿವಿ, ಅದೂ ಅರ್ಧ ನಿದ್ದೆಯಲ್ಲಿ. ರಾತ್ರಿ ಕ್ರಿಕೆಟ್.

ಟೊಮೆಟೊ ಹೂವು ಉದುರುತ್ತಿದೆ ಅಂತ ಮೂವರು ಕೇಳಿದ್ದೀರಿ. ನಮ್ಮನೆಯಲ್ಲೂ ಅದೇ ಕಥೆ. ಟೊಮೆಟೊ ಊರಿನವರ ಮನೆಯಲ್ಲೇ ಟೊಮೆಟೊ ಇಲ್ಲ ಅಂತ ನಗಬೇಡಿ! ಹಗಲಿನ ತಾಪ 35 ಡಿಗ್ರಿ ದಾಟಿದರೆ ಹೂವು ಸರಿಯಾಗಿ ಕಾಯಿ ಕಟ್ಟುವುದಿಲ್ಲ, ಉದುರಿ ಹೋಗುತ್ತದೆ. ಅದಕ್ಕೆ ಸುಮ್ನೆ ಗೊಬ್ಬರ ಸುರಿಯಬೇಡಿ. ಮಧ್ಯಾಹ್ನದ ಹೊತ್ತಿಗೆ ಹಳೇ ಸೀರೆ ಕಟ್ಟಿ ನೆರಳು ಮಾಡಿ. ಬುಡಕ್ಕೆ ಒಣಗಿದ ಎಲೆ ಹೊದಿಸಿ. ನಾನು ಮಾವಿನ ತರಗೆಲೆ ಹಾಕಿದೆ. ಎರಡು ಹೊತ್ತು ಹಾಕುತ್ತಿದ್ದ ನೀರು ಈಗ ಒಂದೇ ಹೊತ್ತು ಸಾಕಾಗಿದೆ. ಟ್ಯಾಂಕರ್ ನೀರಿಗೆ ದುಡ್ಡು ಕೊಡುವ ನಮಗೆ ಇದು ಸಣ್ಣ ಉಳಿತಾಯವಲ್ಲ, ಅಲ್ವಾ? ಅಕ್ಕಿ ತೊಳೆದ ನೀರನ್ನೂ ಚೆಲ್ಲಬೇಡಿ.

ಬದನೆ ಸಸಿ ಹತ್ತು ಜಾಸ್ತಿ ಇವೆ. ಬೇಕಾದವರು ಸಂಜೆ 6ರ ಮೇಲೆ ಬನ್ನಿ. ಮ್ಯಾಚ್ ಶುರುವಾಗುವ ಮೊದಲು, ದಯವಿಟ್ಟು.