ಇ-ವಿಟಾರಾ: ಯುರೋಪಿನವರು ಬೆಲೆಯೊಂದನ್ನೇ ನೋಡುತ್ತಾರಾ?

ಸಂಪಾದಕರೇ,

ಗುಜರಾತಿನ ಹಂಸಲ್‌ಪುರದಲ್ಲಿ ತಯಾರಾಗುವ ಸುಜುಕಿಯ ಎಲೆಕ್ಟ್ರಿಕ್ ಕಾರು ಇ-ವಿಟಾರಾ 2025ರಿಂದ ಯುರೋಪಿಗೆ ಹೋಗುತ್ತಿದೆ. ಖುಷಿಯ ವಿಷಯವೇ. ಆದರೆ ಸುಮ್ನೆ ಚಪ್ಪಾಳೆ ತಟ್ಟುವ ಬದಲು ಅಲ್ಲಿನ ಗ್ರಾಹಕರ ಕಣ್ಣಿನಿಂದ ಒಮ್ಮೆ ನೋಡಿ.

49 ಕಿಲೋವ್ಯಾಟ್‌ ಅವರ್ ಬ್ಯಾಟರಿಯ ಕಾರು ಒಂದು ಚಾರ್ಜಿಗೆ 344 ಕಿ.ಮೀ. ಓಡುತ್ತದೆ ಅನ್ನುವುದು ಅಲ್ಲಿನ ಪರೀಕ್ಷೆಯ ಲೆಕ್ಕ. ಜನವರಿಯ ಚಳಿಯಲ್ಲಿ ಹೀಟರ್ ಹಾಕಿಕೊಂಡು ಜರ್ಮನಿಯ ಹೈವೇಯಲ್ಲಿ ಗಂಟೆಗೆ 130 ಕಿ.ಮೀ. ವೇಗದಲ್ಲಿ ಹೋದರೆ ಅಷ್ಟು ದೂರ ಸಿಗುವುದಿಲ್ಲ, ಅಲ್ವಾ? ಊರೊಳಗೆ ಓಡಾಡುವವರಿಗೆ ಧಾರಾಳವಾಯಿತು. ರಜೆಗೆ ದೂರ ಹೋಗುವ ಕುಟುಂಬ 61 ಕಿಲೋವ್ಯಾಟ್ ಅವರ್‌ನ ದೊಡ್ಡ ಬ್ಯಾಟರಿಯನ್ನೇ ಕೇಳುತ್ತದೆ, ಆಗ ಬೆಲೆಯೂ ಜಾಸ್ತಿ.

ನನಗೆ ದೊಡ್ಡ ಕೊರತೆ ಅನಿಸುವುದು ಚಾರ್ಜಿಂಗ್. ಫಾಸ್ಟ್ ಚಾರ್ಜರ್‌ನಲ್ಲೂ ಶೇ 10ರಿಂದ 80ಕ್ಕೆ ಸುಮಾರು 45 ನಿಮಿಷ ಬೇಕು. ಫ್ರಾನ್ಸಿನಲ್ಲೇ ತಯಾರಾಗುವ ಎಲೆಕ್ಟ್ರಿಕ್ ಕಾರು ರೆನೋ 4ಕ್ಕೆ ಸುಮಾರು ಅರ್ಧ ಗಂಟೆ ಸಾಕು, ಅದರ ಡಿಕ್ಕಿಯೂ ದೊಡ್ಡದು. ಹಾಗಂತ ಇ-ವಿಟಾರಾ ಸೋತಿಲ್ಲ. ಈ ಗಾತ್ರದ ಎಲೆಕ್ಟ್ರಿಕ್ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಸಿಗುವುದು ಅಪರೂಪ, ಹಿಮ ಬೀಳುವ ಆಲ್ಪ್ಸ್ ಕಡೆಯವರಿಗೆ ಅದೇ ಮುಖ್ಯ.

ರಫ್ತಿನ ಸುದ್ದಿ ಬರೆಯುವಾಗ ನಿಮ್ಮ ಪತ್ರಿಕೆ ಇಂಥ ಹೋಲಿಕೆಯನ್ನೂ ಹಾಕಲಿ.

– ಒಬ್ಬ ಓದುಗ, ಹುಬ್ಬಳ್ಳಿ